ಅಡಿಕೆಗೆ ಎಷ್ಟು ಹೆಸರು? ಕಸ್ಟಮ್ಸ್ ಕೇಳೋ ಮೂರು ಪ್ರಶ್ನೆ, ಅದರ ಹಿಂದಿನ ಕಾನೂನು

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇದು. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.

ಇವತ್ತಿನ ವಿಷಯ ಅಂತಾರಾಷ್ಟ್ರೀಯ ವ್ಯಾಪಾರ ಮತ್ತು ಕಸ್ಟಮ್ಸ್ ಕಾನೂನು. ಹೆಸರು ಕೇಳಿದ ಕೂಡಲೇ ಮುಂದಿನ ಸಂಚಿಕೆಗೆ ಹಾರಬೇಡಿ. ಈ ಕಾನೂನು ಈಗ ಯಾವ ಕಡೆ ಹೊರಳ್ತಿದೆ ಅಂತ ತಿಳಿಯೋಕೆ ನಾವು ಒಂದೇ ಒಂದು ವಸ್ತು ಹಿಡ್ಕೊಂಡು ಹೋಗ್ತೀವಿ. ಆ ವಸ್ತು ಅಡಿಕೆ.

ಅಡಿಕೆ ಬೆಳೆಯೋದ್ರಲ್ಲೂ ತಿನ್ನೋದ್ರಲ್ಲೂ ಜಗತ್ತಿಗೆ ಭಾರತವೇ ಮೊದಲು. ದೇಶದೊಳಗೆ ಕರ್ನಾಟಕ ಮೊದಲು. ಹೊರಗಿನ ಅಗ್ಗದ ಅಡಿಕೆ ಒಳಗೆ ನುಗ್ಗದ ಹಾಗೆ ಕೇಂದ್ರ ಸರ್ಕಾರ ಎರಡು ಬೇಲಿ ಹಾಕಿದೆ. ಮೊದಲನೆಯದು ಶೇ 100ರಷ್ಟು ಆಮದು ಸುಂಕ. ನೂರು ರೂಪಾಯಿ ಮಾಲಿಗೆ ನೂರು ರೂಪಾಯಿ ಸುಂಕ. ಎರಡನೆಯದು ಕನಿಷ್ಠ ಆಮದು ಬೆಲೆ, ಎಲ್ಲರೂ ಎಂಐಪಿ ಅಂತ ಕರೆಯೋದು. 2017ರಿಂದ ಇದು ಕೆಜಿಗೆ 251 ರೂಪಾಯಿ ಇತ್ತು, 2023ರ ಫೆಬ್ರುವರಿಯಲ್ಲಿ 351 ರೂಪಾಯಿ ಆಯ್ತು. ಮಾಲಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಕೆಜಿಗೆ 351ಕ್ಕಿಂತ ಕಡಿಮೆ ಬೀಳೋ ಅಡಿಕೆಯನ್ನು ತರೋ ಹಾಗೇ ಇಲ್ಲ.

ಬೇಲಿ ಗಟ್ಟಿಯಾಗೇ ಕಾಣ್ತದೆ. ಆದರೂ ಶಿರಸಿ, ಶಿವಮೊಗ್ಗ, ಚನ್ನಗಿರಿ, ಪುತ್ತೂರು, ಯಾವ ಮಾರುಕಟ್ಟೆಯಲ್ಲಿ ಧಾರಣೆ ಬಿದ್ದರೂ ಮೊದಲು ಕೇಳಿಬರೋ ಮಾತು 'ವಿದೇಶಿ ಅಡಿಕೆ ಬಂದಿದೆ' ಅನ್ನೋದು. ಧಾರಣೆ ಬೀಳೋಕೆ ಬೇರೆ ಕಾರಣಗಳೂ ಇವೆ. ಬಯಲುಸೀಮೆಯಲ್ಲೂ ತೋಟ ಹಬ್ಬಿದೆ, ಗುಟ್ಕಾ ಮೇಲೆ ನಿರ್ಬಂಧಗಳಿವೆ. ಆದರೆ ರೈತರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಬೇಲಿ ಇದ್ದೂ ಅಡಿಕೆ ಒಳಗೆ ಬರೋದು ಹೇಗೆ ಅನ್ನೋದೇ ಇವತ್ತಿನ ಕಥೆ.

ಗೇಟಿನ ಅಧಿಕಾರಿ ಎಲ್ಲಿ ಹೋದರು?

ಕಸ್ಟಮ್ಸ್ ಅಂದ್ರೆ ನಮ್ಮ ಕಣ್ಣಿಗೆ ಬರೋದು ಹಳೇ ಸಿನಿಮಾ ದೃಶ್ಯ. ಬಿಳಿ ಸಮವಸ್ತ್ರದ ಅಧಿಕಾರಿ, ಬಂದರಿನಲ್ಲಿ ಪೆಟ್ಟಿಗೆ ಒಡೆದು ನೋಡಿ, ಸುಂಕ ಹೇಳಿ, ಮುದ್ರೆ ಹೊಡೆಯೋದು. ಈಗ ನಡೆಯೋದು ಹಾಗಲ್ಲ.

2011ರ ಏಪ್ರಿಲ್‌ನಿಂದ ಭಾರತದಲ್ಲಿ ಸ್ವಯಂ ಮೌಲ್ಯಮಾಪನ ಜಾರಿಯಲ್ಲಿದೆ. ಏನು ತರ್ತಿದ್ದೀನಿ, ಎಷ್ಟು ಸುಂಕ ಬರ್ತದೆ ಅಂತ ಆಮದುದಾರನೇ ಲೆಕ್ಕ ಹಾಕಿ ಹೇಳಬೇಕು. ಅವನು ಅಥವಾ ಅವನ ಕಸ್ಟಮ್ಸ್ ಬ್ರೋಕರ್ 'ಐಸ್‌ಗೇಟ್' ಪೋರ್ಟಲ್‌ನಲ್ಲಿ ಬಿಲ್ ಆಫ್ ಎಂಟ್ರಿ ತುಂಬ್ತಾರೆ. ಯಾವುದನ್ನು ತೆರೆದು ನೋಡಬೇಕು, ಯಾವುದನ್ನು ಹಾಗೇ ಬಿಡಬೇಕು ಅಂತ ಕಂಪ್ಯೂಟರ್ ಆರಿಸ್ತದೆ. ಎಷ್ಟೋ ಸರಕು ಯಾರೂ ಮುಟ್ಟದೆ ಹೊರಗೆ ಹೋಗ್ತದೆ, ಲೆಕ್ಕಪತ್ರದ ತಪಾಸಣೆ ಆಮೇಲೆ ಆಗ್ತದೆ.

2020ರ ಜೂನ್ 8ರಂದು ಇನ್ನೊಂದು ಹೆಜ್ಜೆ. ಮುಖರಹಿತ ಮೌಲ್ಯಮಾಪನ ಶುರುವಾಯ್ತು, ಅದೂ ಮೊದಲಿಗೆ ಬೆಂಗಳೂರು ಮತ್ತು ಚೆನ್ನೈನಲ್ಲಿ. ಅದೇ ಅಕ್ಟೋಬರ್ ಕೊನೆಗೆ ಇಡೀ ದೇಶಕ್ಕೆ ಬಂತು. ಮಂಗಳೂರು ಬಂದರಿಗೆ ಬಂದ ಮಾಲಿನ ಕಾಗದಪತ್ರವನ್ನು ಬೇರೆ ಯಾವುದೋ ಊರಲ್ಲಿ ಕೂತ ಅಧಿಕಾರಿ ತೆರೆಯ ಮೇಲೆ ನೋಡ್ತಾರೆ. ವ್ಯಾಪಾರಕ್ಕೆ ಇದರಿಂದ ಅನುಕೂಲವೂ ಇದೆ, ಯಾಕಂದ್ರೆ ಆಮದುದಾರನಿಗೆ ಅಧಿಕಾರಿಯ ಪರಿಚಯವೇ ಇರೋದಿಲ್ಲ.

ಆದರೆ ಇದರ ಅರ್ಥ ಏನು ಅಂದ್ರೆ, ಈಗ ಎಲ್ಲವೂ ಫಾರಂನಲ್ಲಿ ಬರೆದ ಉತ್ತರದ ಮೇಲೆ ನಿಂತಿದೆ. ಮುಖ್ಯ ಪ್ರಶ್ನೆಗಳು ಮೂರೇ. ಇದೇನು? ಎಲ್ಲಿಯದು? ಬೆಲೆ ಎಷ್ಟು?

ಮೊದಲ ಪ್ರಶ್ನೆ: ಇದೇನು?

ಜಗತ್ತಿನ ಪ್ರತಿ ಸರಕಿಗೂ ಒಂದು ಸಂಖ್ಯೆ ಇದೆ. ಬ್ರಸೆಲ್ಸ್‌ನಲ್ಲಿರೋ ವಿಶ್ವ ಕಸ್ಟಮ್ಸ್ ಸಂಘಟನೆ ನೋಡಿಕೊಳ್ಳೋ ಈ ಪಟ್ಟಿಗೆ 'ಹಾರ್ಮೊನೈಸ್ಡ್ ಸಿಸ್ಟಮ್' ಅಂತ ಹೆಸರು. ಇದು 1988ರಲ್ಲಿ ಜಾರಿಗೆ ಬಂತು. ಜಿಎಸ್‌ಟಿ ಬಿಲ್‌ನಲ್ಲಿ ಎಚ್‌ಎಸ್‌ಎನ್ ಅಂತ ಒಂದು ನಂಬರ್ ಇರ್ತದಲ್ಲ, ಅದರ ಮೂಲ ಇದೇ. ಮೊದಲ ಆರು ಅಂಕಿ ಎಲ್ಲಾ ದೇಶಕ್ಕೂ ಒಂದೇ, ನಮ್ಮಲ್ಲಿ ಎಂಟು ಅಂಕಿವರೆಗೆ ಹೋಗ್ತದೆ. ಸುಂಕ ಎಷ್ಟು ಅಂತ ನಿರ್ಧರಿಸೋದು ಈ ಸಂಖ್ಯೆ. ಹಾಗಾಗಿ ಜಗಳವೂ ಇದರ ಮೇಲೇ.

ಒಂದು ಮಜಾ ಉದಾಹರಣೆ ಹೇಳ್ತೀನಿ. ಅಮೆರಿಕದಲ್ಲಿ ಗೊಂಬೆಗೆ ಶೇ 12 ಸುಂಕ ಇತ್ತು, ಬೇರೆ ಆಟಿಕೆಗೆ ಶೇ 6.8. ಮನುಷ್ಯನನ್ನು ಹೋಲೋದು ಗೊಂಬೆ. ಪ್ರಾಣಿ, ರಾಕ್ಷಸ, ರೋಬೋ ಇಂಥದ್ದನ್ನು ಹೋಲೋದು ಆಟಿಕೆ. ಹಾಗಾದರೆ ಎಕ್ಸ್-ಮೆನ್ ಯಾರು? ಅವರು ಮನುಷ್ಯರಲ್ಲ ಅಂತ ಕಂಪನಿ ವಾದ ಮಾಡ್ತು, 2003ರಲ್ಲಿ ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಒಪ್ಪಿಕೊಳ್ತು. ಅಭಿಮಾನಿಗಳು ಬೇಜಾರು ಮಾಡ್ಕೊಂಡರು, ಕಂಪನಿಗೆ ಸುಂಕ ಉಳೀತು.

ಈಗ ಅಡಿಕೆಗೆ ಬನ್ನಿ. ಹಣ್ಣಡಿಕೆ ಒಣಗಿಸಿ ಸುಲಿದರೆ ಚಾಲಿ. ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಹಾಕಿ ಒಣಗಿಸಿದರೆ ಕೆಂಪಡಿಕೆ. ಮಲೆನಾಡಲ್ಲಿ ಯಾರನ್ನೇ ಕೇಳಿ, ಎರಡೂ ಅಡಿಕೆಯೇ. ಕಸ್ಟಮ್ಸ್ ಪುಸ್ತಕದಲ್ಲಿ ಮಾತ್ರ ಅಡಿಕೆಗೆ ಮೂರು ಮನೆ.

ಮೊದಲ ಮನೆ 8ನೇ ಅಧ್ಯಾಯ, ಹಣ್ಣು ಮತ್ತು ಕಾಯಿಬೀಜಗಳದ್ದು. ಅಡಿಕೆಯ ಸಂಖ್ಯೆ 0802 80. ಶೇ 100 ಸುಂಕವೂ ಎಂಐಪಿಯೂ ಇದ್ದದ್ದು ಈ ಮನೆಗೆ. ಎರಡನೆಯದು 21ನೇ ಅಧ್ಯಾಯ. ಅಲ್ಲಿ 'ಸುಪಾರಿ' ಅನ್ನೋ ತಯಾರಿಸಿದ ಪದಾರ್ಥ ಇದೆ. ಮೂರನೆಯದು 20ನೇ ಅಧ್ಯಾಯ, ಹುರಿದ ಬೀಜಗಳದ್ದು.

ಆಮದುದಾರರ ವಾದ ಹೀಗೆ ಬಂತು: 'ನಾವು ತರ್ತಿರೋದು ಬರೀ ಅಡಿಕೆ ಅಲ್ಲ ಸ್ವಾಮಿ, ಬೇಯಿಸಿ, ಕತ್ತರಿಸಿ, ಹೊಳಪು ಕೊಟ್ಟ ಸುಪಾರಿ.' ಇಲಾಖೆ 8ನೇ ಅಧ್ಯಾಯದ ಟಿಪ್ಪಣಿ ತೋರಿಸ್ತು. ಒಣಗಿದ ಬೀಜವನ್ನು ಕೆಡದ ಹಾಗೆ ಹದವಾಗಿ ಬಿಸಿ ಮಾಡಿದರೂ, ಚೆಂದ ಕಾಣಲಿ ಅಂತ ಸ್ವಲ್ಪ ಎಣ್ಣೆ ಸವರಿದರೂ, ಅದರ ಗುಣ ಉಳಿದಿದ್ದರೆ ಅದು ಅದೇ ಬೀಜ ಅನ್ನುತ್ತೆ ಆ ಟಿಪ್ಪಣಿ.

ಇದಕ್ಕೆ ಇನ್ನೊಂದು ಹಳೇ ತಿರುವೂ ಇದೆ. 2007ರಲ್ಲಿ ಆಂಧ್ರದ ಅಡಿಕೆ ಪುಡಿ ಕಂಪನಿಯೊಂದರ ಅಬಕಾರಿ ಸುಂಕದ ಕೇಸಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು. ಅಡಿಕೆ ಕತ್ತರಿಸಿ ಎಣ್ಣೆ, ಸಿಹಿ, ಮೆಂಥಾಲ್ ಸೇರಿಸಿದರೂ ಹೊಸ ವಸ್ತು ಹುಟ್ಟಲ್ಲ, ಅಡಿಕೆ ಅಡಿಕೆಯೇ ಅಂತ. ಅವತ್ತು ಆ ತೀರ್ಪಿನಿಂದ ಕಂಪನಿಗೆ ತೆರಿಗೆ ತಪ್ತು. ಆಮೇಲೆ ಅದೇ ಮಾತನ್ನು ಆಮದಿನ ಕೇಸಲ್ಲಿ ಇಲಾಖೆ ಹಿಡ್ಕೊಳ್ತು. 'ನೋಡಿ, ಅಡಿಕೆ ಅಡಿಕೆಯೇ, ಶೇ 100 ಕಟ್ಟಿ' ಅಂತ. ಕೋರ್ಟಿನ ಒಂದೇ ವಾಕ್ಯ, ಎರಡು ದಿಕ್ಕು.

ಹುರಿದ ಅಡಿಕೆಯ ಕಥೆ ಬೇರೆ. ಹುರಿಯೋದು ಹದವಾದ ಬಿಸಿ ಅಲ್ಲ, 20ನೇ ಅಧ್ಯಾಯದಲ್ಲಿ ಹುರಿದ ಬೀಜಕ್ಕೆ ಜಾಗ ಇದ್ದೇ ಇದೆ ಅಂತ ಆಮದುದಾರರು ವಾದಿಸಿದರು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರ ನಿಂತಿತು. ಎಂಐಪಿ ಬರೆದಿದ್ದು 8ನೇ ಅಧ್ಯಾಯದ ಸಂಖ್ಯೆಗೆ. ಹಾಗಾದ್ರೆ ಹುರಿದದ್ದಕ್ಕೆ 351 ಎಲ್ಲಿ? ಇರಲಿಲ್ಲ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರೋದು ಅಂತಾರಲ್ಲ, ಹಾಗೆ.

ಕೊನೆಗೆ 2025ರ ಏಪ್ರಿಲ್ 2ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಅಂದ್ರೆ ಡಿಜಿಎಫ್‌ಟಿ, ಹುರಿದ ಅಡಿಕೆಗೂ 351 ರೂಪಾಯಿ ಕನಿಷ್ಠ ಬೆಲೆ ಹಾಕ್ತು. ಹೈಕೋರ್ಟ್ ತೀರ್ಪಿಗೂ ಈ ಅಧಿಸೂಚನೆಗೂ ನಡುವೆ ಒಂದೂವರೆ ವರ್ಷಕ್ಕಿಂತ ಹೆಚ್ಚು ಅಂತರ ಇತ್ತು ಅನ್ನೋದನ್ನು ನೆನಪಿಡಿ.

ಎರಡನೇ ಪ್ರಶ್ನೆ: ಎಲ್ಲಿಯದು?

ದೇಶ ದೇಶಗಳ ನಡುವೆ ಮುಕ್ತ ವ್ಯಾಪಾರ ಒಪ್ಪಂದಗಳಿರ್ತವೆ. ಶ್ರೀಲಂಕಾ ಜೊತೆ ನಮ್ಮ ಒಪ್ಪಂದ 2000ದಿಂದ ಜಾರಿಯಲ್ಲಿದೆ. ಸಾರ್ಕ್ ದೇಶಗಳ ಒಪ್ಪಂದ ಸಾಫ್ಟಾ 2006ರಿಂದ ಇದೆ. ಇಂಥ ಒಪ್ಪಂದದ ಅಡಿಯಲ್ಲಿ, ಆ ದೇಶದಲ್ಲೇ ಬೆಳೆದ ಅಡಿಕೆಗೆ ಸುಂಕ ಕಡಿಮೆ ಆಗ್ತದೆ ಅಥವಾ ಪೂರ್ತಿ ಮಾಫಿ ಆಗ್ತದೆ.

'ಆ ದೇಶದಲ್ಲೇ ಬೆಳೆದ' ಅನ್ನೋ ಮಾತೇ ಇಲ್ಲಿ ಕೀಲಿ. ಇಂಡೋನೇಷ್ಯಾ ದೊಡ್ಡ ಪ್ರಮಾಣದಲ್ಲಿ ಅಡಿಕೆ ಬೆಳೆದು ರಫ್ತು ಮಾಡೋ ದೇಶ. ಅಲ್ಲಿಯ ಅಡಿಕೆ ನೆರೆಯ ದೇಶಕ್ಕೆ ಬಂದು, ಚೀಲ ಬದಲಾಯಿಸಿ, ಅಲ್ಲಿಯ ಸರ್ಟಿಫಿಕೇಟ್ ಹಾಕ್ಕೊಂಡು ಇಲ್ಲಿಗೆ ಬಂದರೆ? ಅಡಿಕೆ ಕೇಸುಗಳಲ್ಲಿ ತನಿಖಾ ಸಂಸ್ಥೆಗಳು ಮತ್ತೆ ಮತ್ತೆ ಮಾಡಿರೋ ಆರೋಪ ಇದು.

ಮೊದಲು, ಆ ದೇಶದ ಸರ್ಕಾರದ ಮುದ್ರೆ ಇರೋ ಮೂಲದ ಪ್ರಮಾಣಪತ್ರ ತಂದುಕೊಟ್ಟರೆ ಹೆಚ್ಚುಕಡಿಮೆ ಕೆಲಸ ಮುಗೀತಿತ್ತು. 2020ರಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಅನ್ನೋ ಹೊಸ ಸೆಕ್ಷನ್ ಬಂತು, ಅದೇ ಸೆಪ್ಟೆಂಬರ್ 21ರಿಂದ 'ಕರೋಟಾರ್' ಅಂತ ಕರೆಯೋ ನಿಯಮಗಳು ಜಾರಿಗೆ ಬಂದವು. ಈಗ ಆಮದುದಾರನ ಹತ್ರವೇ ಮಾಹಿತಿ ಇರಬೇಕು: ಮಾಲು ಹೇಗೆ ತಯಾರಾಯ್ತು, ಎಲ್ಲಿ ಬೆಳೀತು, ಯಾವ ಆಧಾರದ ಮೇಲೆ ಆ ದೇಶದ್ದು ಅಂತ ಹೇಳ್ತೀರಿ. ಈ ದಾಖಲೆಯನ್ನು ಐದು ವರ್ಷ ಇಟ್ಕೊಂಡಿರಬೇಕು. ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನದೊಳಗೆ ಕೊಡಬೇಕು. ಅನುಮಾನ ಉಳಿದರೆ ಆ ದೇಶಕ್ಕೇ ಬರೆದು ವಿಚಾರಿಸಬಹುದು. 2025ರ ಮಾರ್ಚ್‌ನಲ್ಲಿ ನಿಯಮದ ಪದವೇ ಬದಲಾಯ್ತು. 'ಮೂಲದ ಪ್ರಮಾಣಪತ್ರ' ಇದ್ದ ಜಾಗದಲ್ಲಿ 'ಮೂಲದ ಪುರಾವೆ' ಅಂತ ಬಂತು.

ಕಸ್ಟಮ್ಸ್ ಕಾನೂನಿನ ದೊಡ್ಡ ಬದಲಾವಣೆ ಒಂದೇ ಮಾತಲ್ಲಿ ಹೇಳಿ ಅಂದ್ರೆ ಇದೇ: ಮುದ್ರೆ ತೋರಿಸಿದರೆ ಸಾಲದು, ಅದರ ಹಿಂದಿನ ಕಥೆಯನ್ನೂ ಆಮದುದಾರನೇ ಸಾಬೀತು ಮಾಡಬೇಕು.

ಸರ್ಕಾರವೇ ಬಾಗಿಲು ತೆರೆದ ಉದಾಹರಣೆಯೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಎಂಐಪಿ ಇಲ್ಲದೆ ತರಲು ಅನುಮತಿ ಸಿಕ್ತು, ಪಶ್ಚಿಮ ಬಂಗಾಳದ ಜೈಗಾಂವ್ ಗಡಿ ಮೂಲಕ. ಮಲೆನಾಡು, ಕರಾವಳಿಯಲ್ಲಿ ಪ್ರತಿಭಟನೆ ಆಯ್ತು. ದೇಶದ ಒಟ್ಟು ಬೆಳೆಗೆ ಹೋಲಿಸಿದರೆ ಪ್ರಮಾಣ ಚಿಕ್ಕದು. ರೈತರ ಆತಂಕ ಇದ್ದದ್ದು, ಆ ಹೆಸರಲ್ಲಿ ಬೇರೆ ದೇಶದ ಅಡಿಕೆಯೂ ಬಂದರೆ ಅನ್ನೋದ್ರ ಬಗ್ಗೆ.

ಮೂರನೇ ಪ್ರಶ್ನೆ: ಬೆಲೆ ಎಷ್ಟು?

ಕಸ್ಟಮ್ಸ್‌ಗೆ ಮೋಸ ಅಂದ್ರೆ ಸಾಮಾನ್ಯವಾಗಿ ಏನು? ಬೆಲೆ ಕಡಿಮೆ ತೋರಿಸೋದು. ಸಾವಿರ ರೂಪಾಯಿ ಮಾಲಿಗೆ ಐನೂರು ಅಂತ ಬಿಲ್ ಹಾಕಿದರೆ ಸುಂಕ ಅರ್ಧ ಆಗ್ತದೆ.

ಅಡಿಕೆಯಲ್ಲಿ ಉಲ್ಟಾ. ಎಂಐಪಿ ಇರೋದ್ರಿಂದ ಬೆಲೆ ಜಾಸ್ತಿ ತೋರಿಸೋ ಆಸೆ ಹುಟ್ತದೆ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ನಿಜವಾದ ಬೆಲೆ ಕೆಜಿಗೆ 200 ರೂಪಾಯಿ ಅಂತಿಟ್ಟುಕೊಳ್ಳಿ. ಬಿಲ್‌ನಲ್ಲಿ 351 ಬರೀತಾರೆ. ಹೆಚ್ಚುವರಿ 151 ರೂಪಾಯಿ ಬ್ಯಾಂಕ್ ಮೂಲಕ ಹೊರಗೆ ಹೋಗಿ, ಹವಾಲಾದಂಥ ಕಳ್ಳದಾರಿಯಲ್ಲಿ ವಾಪಸ್ ಬರ್ತದೆ.

ಈಗ ಮೂರೂ ಪ್ರಶ್ನೆ ಒಂದಕ್ಕೊಂದು ಹೇಗೆ ಕೊಂಡಿ ಹಾಕ್ಕೊಳ್ತವೆ ನೋಡಿ. ರಿಯಾಯಿತಿ ಇಲ್ಲದ ದೇಶದಿಂದ ನೇರವಾಗಿ ತಂದರೆ 351ರ ಮೇಲೆ ಶೇ 100, ಅಂದ್ರೆ ಇನ್ನೊಂದು 351 ರೂಪಾಯಿ ಸುಂಕ. ನಿಜವಾದ ಖರ್ಚು 200 ಮತ್ತು 351, ಒಟ್ಟು 551. ಉಳಿದ ಸೆಸ್, ಜಿಎಸ್‌ಟಿ ಬೇರೆ. ಸುಳ್ಳು ಬೆಲೆ ಬರೆದಷ್ಟೂ ಸುಂಕ ಏರೋದ್ರಿಂದ ಸುಳ್ಳು ದುಬಾರಿ. ಅದೇ ಮಾಲು ಸುಂಕ ಮಾಫಿ ಇರೋ ದೇಶದ್ದು ಅಂತ ದಾಖಲೆಯಾದರೆ? 351 ಅಂತ ಬರೆದರೂ ಸುಂಕ ಸೊನ್ನೆ. ನಿಜವಾದ ಖರ್ಚು 200 ರೂಪಾಯಿಯೇ. ಆಗ ಎಂಐಪಿಯನ್ನು 351ರಿಂದ 400ಕ್ಕೆ ಏರಿಸಿದರೂ ಆಗೋದು ಇಷ್ಟೇ, ಫಾರಂನಲ್ಲಿ ಬೇರೆ ಅಂಕಿ ಬರೀತಾರೆ.

ಹಾಗಂತ ಎಂಐಪಿ ದಂಡ ಅಂತಲ್ಲ. ಕಾನೂನು ಪ್ರಕಾರ ನಡೆಯೋ ಆಮದನ್ನು ಅದು ತಡೀತದೆ. ಆದರೆ ಬೆಲೆಯ ಬೇಲಿ ನಿಲ್ಲಬೇಕಾದರೆ ಮೂಲದ ಬೇಲಿ ಗಟ್ಟಿ ಇರಬೇಕು. ಮೂಲದ ಬೇಲಿ ನಿಲ್ಲಬೇಕಾದರೆ ಹೆಸರಿನ ಬೇಲಿಯಲ್ಲಿ ತೂತು ಇರಬಾರದು.

ಸಿಕ್ಕಿಬಿದ್ದರೆ ಏನಾಗ್ತದೆ?

ಸುಂಕ ಕಡಿಮೆ ಕಟ್ಟಿದ್ದು ಗೊತ್ತಾದರೆ ಎರಡು ವರ್ಷದೊಳಗೆ ನೋಟಿಸ್ ಕೊಡಬಹುದು. ಬೇಕಂತಲೇ ಸುಳ್ಳು ಹೇಳಿದ್ದು, ಮುಚ್ಚಿಟ್ಟದ್ದು ಅಂತಾದರೆ ಐದು ವರ್ಷ. ಸುಂಕದಷ್ಟೇ ದಂಡವೂ ಬೀಳಬಹುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನೋ ಗಾದೆ ಇಲ್ಲಿ ಅಕ್ಷರಶಃ ಕೂತ್ಕೊಳ್ತದೆ.

ಇಂಥ ತನಿಖೆಯಲ್ಲಿ ಮುಂದೆ ಇರೋದು ಕಂದಾಯ ಗುಪ್ತಚರ ನಿರ್ದೇಶನಾಲಯ, ಅಂದ್ರೆ ಡಿಆರ್‌ಐ. 2021ರ ಮಾರ್ಚ್‌ನಲ್ಲಿ ಕ್ಯಾನನ್ ಇಂಡಿಯಾ ಕೇಸಲ್ಲಿ ಸುಪ್ರೀಂ ಕೋರ್ಟ್, ಸುಂಕ ಕೇಳಿ ನೋಟಿಸ್ ಕೊಡೋ ಅಧಿಕಾರ ಡಿಆರ್‌ಐಗೆ ಇಲ್ಲ ಅಂದುಬಿಡ್ತು. ದೇಶದಾದ್ಯಂತ ಎಷ್ಟೋ ನೋಟಿಸ್‌ಗಳು ಅಲ್ಲಾಡಿದವು. 2024ರ ನವೆಂಬರ್ 7ರಂದು ಪುನರ್‌ಪರಿಶೀಲನೆಯಲ್ಲಿ ಅದೇ ಕೋರ್ಟ್ ಆ ತೀರ್ಪನ್ನು ತಿರುಗಿಸಿ, ಅಧಿಕಾರ ಇದೆ ಅಂತು. ನಿಂತಿದ್ದ ಕೇಸುಗಳಿಗೆ ಮತ್ತೆ ಜೀವ ಬಂತು.

ಇನ್ನೊಂದು ಸೂಕ್ಷ್ಮ ಇದೆ. ಹುರಿದ ಅಡಿಕೆಯ ಅಧಿಸೂಚನೆಯಲ್ಲಿ ಇರೋ ಪದ 'ನಿಷೇಧಿತ'. 351 ಮತ್ತು ಅದಕ್ಕಿಂತ ಮೇಲಿದ್ದರೆ ಮಾತ್ರ 'ಮುಕ್ತ'. ಇದು ಬರೀ ಭಾಷೆ ಅಲ್ಲ. ಸಾಮಾನ್ಯ ಸರಕು ಜಪ್ತಿಯಾದರೆ ದಂಡ ಕಟ್ಟಿ ಬಿಡಿಸಿಕೊಳ್ಳೋ ಆಯ್ಕೆ ಕೊಡಲೇಬೇಕು. ನಿಷೇಧಿತ ಸರಕಿಗೆ ಆ ಆಯ್ಕೆ ಕೊಡೋದು ಬಿಡೋದು ಅಧಿಕಾರಿಯ ವಿವೇಚನೆ. 2021ರ ಜೂನ್‌ನಲ್ಲಿ ಬೇಳೆಕಾಳು ಆಮದಿನ ಕೇಸಲ್ಲಿ ಸುಪ್ರೀಂ ಕೋರ್ಟ್, ಮಿತಿ ಮೀರಿ ತಂದ ಮಾಲನ್ನು ನಿಷೇಧಿತ ಅಂತಲೇ ಪರಿಗಣಿಸಿ ಪೂರ್ತಿ ಜಪ್ತಿ ಮಾಡೋದು ಸರಿ ಅಂತ ಹೇಳ್ತು. ರೈತರ ಹಿತವೂ ಅಲ್ಲಿ ತೂಕಕ್ಕೆ ಬಂದಿತ್ತು.

ನಿಯತ್ತಿನ ಆಮದುದಾರನ ಪಾಡು?

ಇದೂ ನ್ಯಾಯವಾದ ಪ್ರಶ್ನೆ. ಎಲ್ಲ ಆಮದುದಾರರೂ ಕಳ್ಳರಲ್ಲ. ಒಂದು ಸಣ್ಣ ಉದ್ದಿಮೆ ಹೊರಗಿಂದ ಕಚ್ಚಾ ಮಾಲು ತರಿಸ್ತದೆ, ಯಾವ ಸಂಖ್ಯೆ ಹಾಕಬೇಕು ಅಂತ ನಿಜವಾಗಲೂ ಗೊಂದಲ ಇರ್ತದೆ. ನಾಲ್ಕು ವರ್ಷ ಆದ ಮೇಲೆ ನೋಟಿಸ್ ಬಂದರೆ, ಆ ಮಾಲು ಆಗಲೇ ಮಾರಿಹೋಗಿರ್ತದೆ, ಲಾಭವೂ ಖರ್ಚಾಗಿರ್ತದೆ.

ಅದಕ್ಕೆ ಇರೋ ದಾರಿ ಮುಂಗಡ ತೀರ್ಪು. ಮಾಲು ತರೋ ಮೊದಲೇ ಸಂಖ್ಯೆ ಯಾವುದು, ಮೂಲ ಯಾವುದು ಅಂತ ಕೇಳಿ ಬರೆಸಿಕೊಳ್ಳಬಹುದು. 2021ರ ಜನವರಿಯಿಂದ ದೆಹಲಿ ಮತ್ತು ಮುಂಬೈನಲ್ಲಿ ಇದಕ್ಕಂತಲೇ ಪ್ರಾಧಿಕಾರಗಳಿವೆ. ಮೂರು ತಿಂಗಳಲ್ಲಿ ಉತ್ತರ ಕೊಡಬೇಕು, ಕಾನೂನು ಬದಲಾಗದಿದ್ದರೆ ಅದು ನಿಗದಿತ ಅವಧಿವರೆಗೆ ನಡೀತದೆ. ಆದರೆ ಅರ್ಜಿ ಹಾಕಿದವರಿಗೆ ಮಾತ್ರ ಅನ್ವಯ. ಅದರ ಮೇಲೆ ಹೈಕೋರ್ಟಿಗೆ ಹೋಗಬಹುದು. ಹುರಿದ ಅಡಿಕೆ ಮದ್ರಾಸ್ ಹೈಕೋರ್ಟ್ ತಲುಪಿದ್ದು ಇದೇ ದಾರಿಯಲ್ಲಿ.

ಕಾನೂನು ಓದ್ತಿರೋರು, ವಾಣಿಜ್ಯ ಓದ್ತಿರೋರು ಕೇಳ್ತಿದ್ದರೆ ಒಂದು ಮಾತು. ಈ ಕ್ಷೇತ್ರದ ಕೆಲಸ ಬಂದರಿನ ಗೇಟಿನಿಂದ ಕಚೇರಿಯ ಮೇಜಿಗೆ ಬಂದಿದೆ. ಪ್ರಯೋಗಾಲಯದ ವರದಿ ಓದೋದು, ಬೇರೆ ದೇಶದ ಸರಬರಾಜುದಾರನ ದಾಖಲೆ ಪರಿಶೀಲಿಸೋದು, ಮಾಲು ಬರೋ ಮೊದಲೇ ತಪ್ಪು ಹಿಡಿಯೋದು, ಇದೇ ಈಗಿನ ವಕೀಲಿಕೆ ಮತ್ತು ಬ್ರೋಕರ್ ಕೆಲಸ.

ಅಡಿಕೆ ಒಂದೇ ಅಲ್ಲ

ಇದೇ ಮೂರು ಪ್ರಶ್ನೆ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್‌ನ ಭಾರತೀಯ ಘಟಕಕ್ಕೆ 140 ಕೋಟಿ ಡಾಲರ್‌ನ ನೋಟಿಸ್ ಹೋಯ್ತು. ಹೆಚ್ಚುಕಡಿಮೆ ಇಡೀ ಕಾರನ್ನೇ ತುಂಡು ತುಂಡಾಗಿ, ಬಿಡಿಭಾಗ ಅಂತ ಹೆಸರಿಟ್ಟು ತಂದಿದ್ದೀರಿ ಅನ್ನೋದು ಆರೋಪ. ಕಂಪನಿ ಒಪ್ಪದೆ ಬಾಂಬೆ ಹೈಕೋರ್ಟಿಗೆ ಹೋಯ್ತು. 2025ರ ಜನವರಿಯಲ್ಲಿ ಸ್ಯಾಮ್‌ಸಂಗ್ ಮೇಲೆ ಸುಮಾರು 60 ಕೋಟಿ ಡಾಲರ್‌ನ ಆದೇಶ ಬಂತು. ಮೊಬೈಲ್ ಟವರ್‌ಗೆ ಹಾಕೋ ಒಂದು ಉಪಕರಣದ ಸಂಖ್ಯೆ ಯಾವುದು ಅನ್ನೋದೇ ಅಲ್ಲಿನ ಜಗಳ. ಆ ಕಂಪನಿಯೂ ಆದೇಶವನ್ನು ಪ್ರಶ್ನಿಸಿದೆ. ಅಮೆರಿಕ 2025ರ ಜುಲೈ 31ರ ಆದೇಶದಲ್ಲಿ, ಸುಂಕ ತಪ್ಪಿಸೋಕೆ ಬೇರೆ ದೇಶದ ಮೂಲಕ ಸುತ್ತಿ ಬರೋ ಸರಕಿಗೆ ಶೇ 40 ಅಂತ ಘೋಷಿಸ್ತು. ಅಡಿಕೆ ಚೀಲದ ಪ್ರಶ್ನೆ ಅಲ್ಲೂ ಅದೇ: ನಿಜವಾಗಿ ಎಲ್ಲಿಯದು?

ಅಡಿಕೆಗೆ ವಾಪಸ್ ಬಂದು ಮುಗಿಸೋಣ. ಧಾರಣೆ ಬಿದ್ದಾಗ ರೈತ ಸಂಘಟನೆಗಳು, ಮಂಗಳೂರಿನ ಕ್ಯಾಂಪ್ಕೊ, ಸಂಸದರು ಎಲ್ಲ ದೆಹಲಿಗೆ ಮನವಿ ಕೊಡ್ತಾರೆ. ಮನವಿಯಲ್ಲಿ ಮೊದಲ ಸಾಲು 'ಎಂಐಪಿ ಏರಿಸಿ' ಅಂತ ಇರ್ತದೆ. ಮುಂದಿನ ಸಲ ಆ ಸುದ್ದಿ ನಿಮ್ಮ ಫೋನಿಗೆ ಬಂದಾಗ ಮೂರು ವಿಷಯ ಹುಡುಕಿ. ಯಾವ ಸಂಖ್ಯೆಗೆ ಏರಿಸ್ತಿದ್ದಾರೆ, ಪಕ್ಕದ ಮನೆಯ ಸಂಖ್ಯೆ ಹಾಗೇ ಉಳೀತಾ? ಸುಂಕ ಮಾಫಿ ಇರೋ ದೇಶದಿಂದ ಬರೋ ಅಡಿಕೆಯ ಮೂಲವನ್ನು ಯಾರು ಪರೀಕ್ಷೆ ಮಾಡ್ತಾರೆ? ಬಿಲ್‌ನಲ್ಲಿರೋ ಬೆಲೆ ನಿಜವಾಗಿ ಕೊಟ್ಟ ಬೆಲೆಯೇ ಅಂತ ಯಾರು ನೋಡ್ತಾರೆ? ಈ ಮೂರಕ್ಕೆ ಉತ್ತರ ಇಲ್ಲದಿದ್ದರೆ, 351 ಇದ್ದರೂ 500 ಆದರೂ ತೋಟದ ಧಾರಣೆಗೆ ಅದರಿಂದ ಆಗೋ ಸಹಾಯ ಕಡಿಮೆ.